ಬೊಟ್ಟಿಲ್ಲದ ಅಚ್ಚು

ಸೇಲಂ, ಗುಗೈ
೩ ನವೆಂಬರ್ ೧೯೩೫

ಅಣ್ಣಾಮಲೈ,

ಚೌಡಮ್ಮ ನಿನ್ನ ಗಂಟಲು ಕಾಯಲಿ. ನಾವಿಬ್ಬರೂ ಉಂಡು ಉಟ್ಟು ಇದ್ದೇವೆ. ನಿಮ್ಮಪ್ಪನ ಮಗ್ಗ ನಡೆಯುತ್ತಿದೆ, ನಡೆಯುವವರೆಗೆ ಅವರಿಗೆ ಬೇರೆ ಮಾತು ಬೇಡ.

ಪಕ್ಕದ ಮನೆ ಪಾಪಾತಿಯನ್ನು ನೀನು ಮರೆತಿರಲಿಕ್ಕಿಲ್ಲ, ಬಾಯಿಗೆ ಬಾಗಿಲಿಲ್ಲದವಳು. ಮೊನ್ನೆ ಮೇಚೇರಿ ಸಂತೆಗೆ ಹೋಗಿದ್ದಳು. ಒಣಮೆಣಸಿನಕಾಯಿ ಕಟ್ಟಿಕೊಟ್ಟಿದ್ದ ಕಾಗದವನ್ನು ಬಿಚ್ಚಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಅಕ್ಕಾ, ಬಾ ಇಲ್ಲಿ! ನಿನ್ನ ಮಗ ನಿನಗಿಂತ ಚೆಂದಾಗಿ ಸೀರೆ ಉಟ್ಟವ್ನೆ. ನಮ್ಮ ಬೀದಿ ಸೊಸೇರ್ನೆಲ್ಲ ಇವ್ನ ಹತ್ರ ಪಾಠಕ್ಕೆ ಕಳಿಸ್ಬೇಕು."

"ಮೆಣಸಿನಕಾಯಿ ಘಾಟಿಗೆ ನಿನ್ನ ಕಣ್ಣು ಕೆಟ್ಟೈತೆ. ತತ್ತಾ" ಎಂದು ಕಿತ್ತುಕೊಂಡೆ.

ಅದು ನಿಮ್ಮ ಕಂಪನಿಯ ನೋಟೀಸು. ನಡುವೆ ಮರದ ಅಚ್ಚಿನ ದೊಡ್ಡ ಚಿತ್ರ. ಆ ರಾಣಿಯ ಹೆಸರನ್ನು ನಾನು ಬರೆಯುವುದಿಲ್ಲ. ಹರೂರು ಪಕ್ಕದ ನಮ್ಮೂರಿನ ಜಗಲಿಯ ತಿಣ್ಣೆ ಶಾಲೆಯಲ್ಲಿ ಅಯ್ಯನೋರು ಮರಳಿನ ಮೇಲೆ ಅಕ್ಷರ ತಿದ್ದಿಸುವಾಗ, ಆ ಹೆಸರು ಬರೆದ ಮನೆಯಲ್ಲಿ ಒಲೆ ಆರುತ್ತದೆ ಎಂದಿದ್ದರು. ಗಂಡ ಕೊಟ್ಟ ಮಾತಿಗೆ ಕಟ್ಟುಬಿದ್ದು ಮಸಣ ಕಾಯುತ್ತಿರುವಾಗ, ಸತ್ತ ಮಗನನ್ನು ಹೊತ್ತು ಅಲ್ಲಿಗೇ ಬಂದವಳು ಎಂದರೆ ಸಾಕು, ಯಾರಿಗೆ ತಿಳಿಯದು? ಆ ವೇಷದಲ್ಲಿ ನೀನು. ತೊಡೆಯ ಮೇಲೆ ಮಗುವಿನ ಹೆಣ.

ನಾಟಕದಲ್ಲಿ ಹೆಣ್ಣಾಗಿ ಆಡುತ್ತೀಯ ಎಂದು ನನಗೆ ಗೊತ್ತಿತ್ತು. ಅದಕ್ಕಲ್ಲ ನಾನು ಬರೆಯುತ್ತಿರುವುದು.

ಮೊದಲನೆಯದು: ನಾಟಕ ಕಲಿಸುವ ನಿಮ್ಮ ವಾದ್ಯಾರ್‌ಗೆ ಪುರಾಣ ಗೊತ್ತಿದೆಯೋ ಇಲ್ಲವೋ. ಆ ತಾಯಿಯ ಗಂಡ ಬದುಕಿದ್ದಾನೆ, ಎದುರಿಗೇ ಕೋಲು ಹಿಡಿದು ನಿಂತಿದ್ದಾನೆ. ಚಿತ್ರದಲ್ಲಿ ಅವಳ ಹಣೆ ಯಾಕೆ ಬೋಳು?

ಎರಡನೆಯದು: ಸತ್ತ ಮಗುವಿನ ಕಾಲಿನ ಎರಡು ಹೆಬ್ಬೆರಳನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಕೂತಿದ್ದೀಯ. ಹಾಗೆ ಕೂರುವುದನ್ನು ನಿನಗೆ ಯಾರು ಕಲಿಸಿದರು?

ಕಾಗದವನ್ನು ಒಲೆಗೆ ಹಾಕಲು ಎರಡು ಸಲ ಎದ್ದೆ. ಹಾಕಲಿಲ್ಲ. ಈಗ ಅಕ್ಕಿ ಮಡಕೆಯ ಕೆಳಗಿದೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನ್ನಿಸುತ್ತದೆ. ಬೇಗ ಬರೆ.

ನಿನ್ನ ಅವ್ವ,
ಕುಪ್ಪಮ್ಮ


ಧರ್ಮಪುರಿ
೨೦ ನವೆಂಬರ್ ೧೯೩೫

ಅವ್ವನ ಪಾದಗಳಿಗೆ,

ನಿನ್ನ ಕಾಗದವನ್ನು ಮೂರು ದಿನ ಉಡಿಯಲ್ಲಿ ಇಟ್ಟುಕೊಂಡು ಓಡಾಡಿದೆ. ನೀನು ಬೂದಿಯ ಮೇಲೆ ಕಲಿಸಿದ ಕನ್ನಡ ಕೈಯಿಂದ ಜಾರಿಹೋಗಿದೆ, ತಪ್ಪಿದ್ದರೆ ತಿದ್ದಿ ಓದಿಕೊ.

ನಮ್ಮ ವಾದ್ಯಾರ್ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇದೆ. ಏರ್ಕಾಡು ಬೆಟ್ಟದ ಕಾಫಿ ತೋಟದ ದೊರೆಯೊಬ್ಬರು ತಮ್ಮ ಸೀಮೆಗೆ ವಾಪಸು ಹೊರಟಾಗ ಹರಾಜಿನಲ್ಲಿ ಸಿಕ್ಕಿದ್ದು. ಅದರ ತುಂಬ ಬಿಳಿಯರ ನಾಟಕದವರ ಚಿತ್ರಗಳು. ತಾಮ್ರದ ತಗಡಿನ ಮೇಲೆ ಸೂಜಿಯಂಥ ಉಳಿಯಿಂದ ಗೀರಿ ಅಚ್ಚು ಹಾಕಿದ್ದಂತೆ. ಗೆರೆ ಒಂದೊಂದೂ ಕೂದಲಿಗಿಂತ ಸಣ್ಣ. ಅವರೆಲ್ಲ ಸತ್ತು ನೂರು ವರ್ಷದ ಮೇಲಾಯಿತು. ಕಿರೀಟ ಜಾರಿದ ಮುದುಕನೊಬ್ಬ ಗೋಡೆಗೆ ಒರಗಿದ್ದಾನೆ. ಒಬ್ಬ ಕತ್ತಿಯನ್ನು ತನ್ನ ಎದೆಗೇ ತಿರುಗಿಸಿದ್ದಾನೆ. ಒಬ್ಬಳ ಕಾಲ ಬಳಿ ಮುಸುಕು ಹಾಕಿದ ಹೆಣ. ಅವಳು ಎರಡೂ ಕೈಯನ್ನು ಆಕಾಶಕ್ಕೆ ಎತ್ತಿ ನಿಂತಿದ್ದಾಳೆ. ಕೆಳಗೆ ಆಡಿದವರ ಹೆಸರು, ಪಾತ್ರದ ಹೆಸರು, ಇಸವಿ.

ವಾದ್ಯಾರ್ ಆ ಹೆಂಗಸಿನ ಚಿತ್ರವನ್ನು ನನ್ನ ಮುಂದೆ ಇಟ್ಟು, "ಪಾರುಡಾ, ಇಪ್ಪಡಿ ನಿಲ್ಲು" ಎಂದು ಅವಳ ಹಾಗೇ ನಿಲ್ಲಲು ಹೇಳಿದರು. ನಿಂತೆ. ಹತ್ತು ಆಟ ಹಾಗೇ ಕೈ ಎತ್ತಿದೆ. ಜನ ಕಡಲೆಕಾಯಿ ಸುಲಿಯುತ್ತ ನೋಡಿದರು. ಹನ್ನೊಂದನೆಯ ಆಟದಲ್ಲಿ ಕೈ ಮೇಲೇಳಲಿಲ್ಲ ಅವ್ವ. ಮಗ ಸತ್ತವಳು ಆಕಾಶ ನೋಡುವುದಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆಲಕ್ಕೆ ಕೂತೆ. ಕೈ ತಾನಾಗಿ ಹೋಗಿ ಬಟ್ಟೆ ಗೊಂಬೆಯ ಎರಡು ಹೆಬ್ಬೆರಳನ್ನು ಹಿಡಿಯಿತು. ಕಡಲೆಕಾಯಿ ಸದ್ದು ನಿಂತುಹೋಯಿತು. ಪರದೆ ಬಿದ್ದ ಮೇಲೆ ವಾದ್ಯಾರ್, "ಎಂಗಡಾ ಕತ್ತುಕ್ಕಿಟ್ಟೆ?" ಎಂದು ಕೇಳಿದರು. ಎಲ್ಲಿ ಕಲಿತೆ ಎಂದು ನಾನು ಹೇಳಲಿಲ್ಲ. ಮಾರನೆಯ ದಿನವೇ ಅಚ್ಚಿನವರನ್ನು ಕರೆಸಿ, ನನ್ನನ್ನು ಹಾಗೇ ಕೂರಿಸಿ ಅಚ್ಚು ಕೊರೆಸಿದರು.

ಬೊಟ್ಟು ಅಳಿಸಿಕೊಂಡದ್ದೂ ನಾನೇ. ಬೊಟ್ಟು ಇದ್ದರೆ ಆ ಮುಷ್ಟಿ ಬಿಗಿಯುವುದಿಲ್ಲ. ಯಾಕೆಂದು ನಿನಗೆ ಗೊತ್ತು.

ಯುಗಾದಿಗೆ ಮುಂಚೆ ಓಮಲೂರಿನಲ್ಲಿ ನಮ್ಮ ಕೊಟ್ಟಗೆ, ನಾಟಕದ ಚಪ್ಪರ, ಏಳುತ್ತದೆ. ಅಪ್ಪನನ್ನು ಕರೆದುಕೊಂಡು ಬಾ. ಕಂಪನಿಗೆ ಬಂದು ಹತ್ತು ವರ್ಷವಾಯಿತು, ಅವರು ಒಮ್ಮೆಯೂ ನನ್ನ ಆಟ ನೋಡಿಲ್ಲ.

ನಿನ್ನ ಮಗ,
ಅಣ್ಣಾಮಲೈ


ಸೇಲಂ, ಗುಗೈ
೫ ಡಿಸೆಂಬರ್ ೧೯೩೫

ಅಣ್ಣಾಮಲೈ,

ಚೌಡಮ್ಮ ನಿನಗೆ ಬುದ್ಧಿ ಕೊಡಲಿ.

ಆ ಹೆಂಗಸು ಆಕಾಶಕ್ಕೆ ಕೈ ಎತ್ತಿದ್ದರೆ ಎತ್ತಿಕೊಂಡು ನಿಲ್ಲಬೇಕಾಗಿತ್ತು ನೀನು. ಬಿಳಿಯಳ ದುಃಖ ಬಿಳಿಯಳದು, ಅವಳು ಬಂದು ನಿನ್ನನ್ನು ಕೇಳುತ್ತಿರಲಿಲ್ಲ. ನಾನು ಕೂತದ್ದನ್ನು ತೆಗೆದುಕೊಂಡು ಹೋಗಿ ಪೆಟ್ರೋಮ್ಯಾಕ್ಸ್ ದೀಪದ ಕೆಳಗೆ ಇಟ್ಟಿದ್ದೀಯ. ಸಂತೆಯಲ್ಲಿ ಅದರಲ್ಲಿ ಮೆಣಸಿನಕಾಯಿ ಕಟ್ಟುತ್ತಿದ್ದಾರೆ.

ನಿನಗೆ ಆಗ ಒಂಬತ್ತು ವರ್ಷ. ಎಲ್ಲ ನೆನಪಿದೆ ಎಂದುಕೊಂಡಿದ್ದೀಯ. ನೆನಪಿಲ್ಲದ್ದನ್ನು ನಾನು ಹೇಳುತ್ತೇನೆ.

ಯುಗಾದಿಗೆ ಚೌಡಮ್ಮನಿಗೆ ಸೀರೆ ನೇಯುವುದು ನಮ್ಮ ಮನೆತನದ ಹರಕೆ. ಒಡಲೆಲ್ಲ ನೇಯ್ದು ಮುಗಿದು ಸೆರಗು ಹಿಡಿದ ದಿನ, ಬೆಳಿಗ್ಗೆ ಮಗ್ಗದ ಗುಂಡಿಗೆ ಇಳಿದವರು ಸೀರೆ ಕೊಯ್ದು ತೆಗೆಯುವವರೆಗೆ ಏಳುವಂತಿಲ್ಲ, ಮಾತಾಡುವಂತಿಲ್ಲ. ನಿಮ್ಮ ತಾತ ಹಾಗೇ ನೇಯ್ದರು, ಅವರ ಅಪ್ಪನೂ ಹಾಗೇ. ಆ ವರ್ಷ ಸೆರಗಿನ ದಿನವೇ ಮುತ್ತುವಿಗೆ ವಾಂತಿಭೇದಿ ಹತ್ತಿತು. ಐದು ವರ್ಷದ ಮಗು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕಣ್ಣು ಒಳಗೆ ಹೋಗಿತ್ತು. ನಾನು ಮಗ್ಗದ ಹಿಂದೆ, ನಡುಮನೆಯ ಹೊಸಿಲ ಮೇಲೆ ಅವನನ್ನು ಹಾಕಿಕೊಂಡು ಕೂತಿದ್ದೆ. "ಏಳಿ, ವೈದ್ಯರನ್ನ ಕರೀರಿ" ಎಂದೆ. ಲಾಳಿ ಓಡುತ್ತಿತ್ತು. ಮತ್ತೆ ಹೇಳಿದೆ. ಲಾಳಿ ಓಡುತ್ತಿತ್ತು. ಆ ಬೆನ್ನನ್ನು ನೋಡುತ್ತ ಎಷ್ಟು ಸಲ ಹೇಳಿದೆನೋ.

ಉಸಿರು ನಿಂತ ಮೇಲೆ ಕಾಲು ಹೆಬ್ಬೆರಳು ಕಟ್ಟಬೇಕು. ಕಟ್ಟಿದರೆ ಸತ್ತ ಹಾಗೆ. ಯಾರೂ ಬಂದು ಕಟ್ಟದಿರಲಿ ಎಂದು ಎರಡನ್ನೂ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಹಣೆಯ ಕುಂಕುಮ ಒರೆಸಿಹಾಕಿದೆ. ಗಂಡ ಇರುವವಳು. ಬೇಕೆಂದೇ ಒರೆಸಿದೆ. ಬೀದಿಯ ಮುದುಕಿಯರು ಬಂದು, ಅತ್ತು ಅಳಿಸಿಹೋಗಿದೆ ಎಂದುಕೊಂಡು ಮತ್ತೆ ಇಟ್ಟರು. ನೋಡಿದವನು ನೀನೊಬ್ಬನೇ. ನಿಮ್ಮಪ್ಪನ ಬೆನ್ನು ನಮ್ಮ ಕಡೆಗಿತ್ತು.

ಅವರಿಗೆ ಇದು ಗೊತ್ತಿಲ್ಲ. ಹದಿಮೂರು ವರ್ಷದಿಂದ ಅವರ ಕೈಗೆ ಅನ್ನ ಕೊಟ್ಟಿದ್ದೇನೆ, ದಿನವೂ ಅವರ ಹೆಸರಲ್ಲಿ ದೀಪ ಹಚ್ಚಿದ್ದೇನೆ. ಕುಂಕುಮ ಒರೆಸಿದ ಆ ಒಂದು ಕೈಯನ್ನು ಚೌಡಮ್ಮ ತಾಯಿ ಮನ್ನಿಸಿದ್ದಾಳೋ ಇಲ್ಲವೋ ಎಂದು ಪ್ರತಿ ಶುಕ್ರವಾರ ಕೇಳಿದ್ದೇನೆ. ಈಗ ಓಮಲೂರಿಗೆ ನೀವು ಬಂದರೆ ಸೇಲಂ ಗೋಡೆಗಳ ಮೇಲೆಲ್ಲ ಅದೇ ಅಚ್ಚು. ನಿಮ್ಮಪ್ಪ ಓದಲಾರರು, ಆದರೆ ನೇಯುವವರ ಕಣ್ಣು, ಒಂದು ಎಳೆ ತಪ್ಪಿದರೂ ಕಾಣುತ್ತದೆ.

ಆ ಚಿತ್ರ ತೆಗೆಸು. ತೆಗೆಸಲಾಗದಿದ್ದರೆ ಹಣೆಗೆ ಬೊಟ್ಟು ಇಡಿಸು. ಆಟಕ್ಕೆ ಬರುವ ಮಾತು ಎತ್ತಬೇಡ.

ಕುಪ್ಪಮ್ಮ


ಹರೂರು
೨೮ ಡಿಸೆಂಬರ್ ೧೯೩೫

ಅವ್ವ,

ಅಪ್ಪನಿಗೆ ಗೊತ್ತಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲವಲ್ಲ, ಇಬ್ಬರೂ ಬಲ್ಲರು, ಅದಕ್ಕೇ ಮಾತಿಲ್ಲ ಎಂದುಕೊಂಡಿದ್ದೆ.

ವಾದ್ಯಾರ್ ಹೊಸ ಅಚ್ಚು ಕೊರೆಸಲು ಒಪ್ಪುವುದಿಲ್ಲ. ಈ ಚಿತ್ರ ಹಚ್ಚಿದ ಊರಲ್ಲೆಲ್ಲ ಹೆಂಗಸರ ಕಡೆ ಜಾಗ ಸಾಲುತ್ತಿಲ್ಲ. ಅಚ್ಚು ಇರುವುದು ಸೇಲಂನಲ್ಲೇ, ಅದನ್ನು ಕೊರೆದ ಮಾರಿಯಪ್ಪನವರ ಅಂಗಡಿಯಲ್ಲಿ, ಛಾಪಖಾನೆ ಬೀದಿಯ ಕೊನೆಗೆ. ಓಮಲೂರು ನೋಟೀಸು ಬರುವ ಮಾಶಿ ತಿಂಗಳಲ್ಲಿ ಅಚ್ಚಾಗುತ್ತದೆ. ಅದಕ್ಕೆ ಮುಂಚೆ ನೀನೇ ಹೋಗಿ ಹೇಳಿದರೆ ಬೊಟ್ಟು ಇಟ್ಟಾರು. ವಾದ್ಯಾರ್‌ಗೆ ನಾನು ಹೇಳಿಕೊಳ್ಳುತ್ತೇನೆ.

ನೀನು ಎಲ್ಲ ಬರೆದೆ, ಒಂದನ್ನು ಬಿಟ್ಟೆ. ಅಪ್ಪ ಏಳದಿದ್ದಾಗ ನೀನು ನನ್ನನ್ನು ಕಳಿಸಿದೆ. ನಾನು ಓಡಿದೆ. ವೈದ್ಯರು ಎಲೆಯ ಮುಂದೆ ಕೂತಿದ್ದರು. "ದೊಡ್ಡೋರ್ನ ಬರಕ್ಕೇಳು, ಓಗು" ಎಂದರು. ಮತ್ತೆ ಬೇಡಿಕೊಳ್ಳಬೇಕಾಗಿತ್ತು. ಕಾಲು ಹಿಡಿಯಬೇಕಾಗಿತ್ತು. ನಾನು ಬಾಗಿಲಲ್ಲಿ ನಿಂತು, ಅವರು ಮಜ್ಜಿಗೆ ಕಲಸಿಕೊಳ್ಳುವುದನ್ನು ನೋಡಿ, ವಾಪಸು ನಡೆದೆ. ಓಡಲಿಲ್ಲ ಅವ್ವ, ನಡೆದೆ. ಬಾಗಿಲಿಗೆ ಬಂದಾಗ ನೀನು ಹಣೆ ಒರೆಸುತ್ತಿದ್ದೆ.

ರಾಣಿಯ ಪಾತ್ರ ಇದೆ, ರಾಜನ ಪಾತ್ರ ಇದೆ. ರಾಜ ಮಾತು ಮುರಿಯುವುದಿಲ್ಲ, ಜನ ಅವನಿಗೆ ಕೈಮುಗಿಯುತ್ತಾರೆ; ರಾಣಿಗೆ ಅಳುತ್ತಾರೆ. ಒಬ್ಬನೇ ವಾಪಸು ಬಂದವನ ಪಾತ್ರವನ್ನು ಯಾರೂ ಕಟ್ಟಿಲ್ಲ. ಅದಕ್ಕೆ ನಿನ್ನದನ್ನು ಆಡುತ್ತೇನೆ.

ಅಣ್ಣಾಮಲೈ


ಸೇಲಂ, ಗುಗೈ
೯ ಫೆಬ್ರವರಿ ೧೯೩೬

ಅಣ್ಣಾಮಲೈ,

ತಾಯಿ ನಿನ್ನನ್ನು ಮಡಿಲಲ್ಲಿ ಇಟ್ಟುಕೊಳ್ಳಲಿ.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತು ಎದ್ದು ಒಂದು ತಿಂಗಳು ಕಳೆಯಿತು. ಮೊದಲು ಇದನ್ನು ಓದು: ನೀನು ನಡೆದು ಬರುವಷ್ಟರಲ್ಲಿ ಅಲ್ಲ, ನೀನು ಬೀದಿ ತಿರುಗುವಷ್ಟರಲ್ಲೇ ಅವನ ಜೀವ ಹೋಗಿತ್ತು. ಇದನ್ನು ಅವತ್ತೇ ಹೇಳಬೇಕಾಗಿತ್ತು. ಹೇಳಲಿಲ್ಲ. ನಿನ್ನ ಮುಖವನ್ನೇ ನಾನು ನೋಡುತ್ತಿರಲಿಲ್ಲ.

ಮಾರಿಯಪ್ಪನವರ ಅಂಗಡಿಗೆ ಹೋಗಿದ್ದೆ. ಎಪ್ಪತ್ತರ ಮುದುಕ, ಮೂಗಿನ ತುದಿಗೆ ಕನ್ನಡಕ, ಮೈಮೇಲೆಲ್ಲ ಮರದ ಪುಡಿ.

"ಆ ರಾಣಿ ಅಚ್ಚು ಕೊರೆದೋರು ನೀವೇನಾ?" ಎಂದೆ.

"ನಾನೇ. ಯಾಕಮ್ಮಾ, ಎಲ್ಲಿ ತಪ್ಪೈತೆ?"

"ಅಣೇಲಿ. ಬೊಟ್ಟಿಲ್ಲ. ಗಂಡ ಇರೋಳ್ಗೆ ಬೊಟ್ಟಿಲ್ದೆ ಇರ್ತೈತಾ?"

"ಕಂಪನಿಯೋರು ಎಂಗೆ ಕೂರ್ಸಿದ್ರೋ ಅಂಗೆ ಕೊರ್ದೆ. ಪುರಾಣ ತಿದ್ದೋದು ನನ್ನ ಕೆಲ್ಸ ಅಲ್ಲ. ನೀನ್ಯಾರು, ಆ ರಾಣಿ ತಾಯಾ?"

"ಅದೇ ಅನ್ಕಳ್ಳಿ" ಎಂದೆ. ಮುದುಕ ನಗುತ್ತಿದ್ದವರು, ಕನ್ನಡಕ ಮೇಲೆ ಸರಿಸಿ ನನ್ನ ಮುಖ ನೋಡಿ ಅಚ್ಚಿಗೆ ಕೈ ಚಾಚಿದರು. ನಿನ್ನ ಮೂಗು ನನ್ನದೇ ಅಲ್ಲವಾ.

ಅಚ್ಚು ತೆಗೆದು ತೋರಿಸಿದರು. ಕೊರೆದ ಕಡೆ ಬಿಳಿ ಬರುತ್ತದಂತೆ, ಮರ ಉಳಿದ ಕಡೆ ಮಸಿ ಹತ್ತುತ್ತದಂತೆ. ಹಣೆಯನ್ನು ಪೂರ್ತಿ ಕೊರೆದು ತೆಗೆದಿದ್ದರು. "ಕೊರೆದಿದ್ದನ್ನ ಮತ್ತೆ ಬೆಳೆಸೋಕ್ಕಾಗಲ್ಲ ತಾಯಿ. ಬೇಕಾದ್ರೆ ತೂತು ಮಾಡಿ ಒಂದು ಮೊಳೆ ಕೂರಿಸ್ತೀನಿ" ಎಂದರು. ಹುಣಸೆ ಮರದ ಗಟ್ಟಿ ಚೇಗಿನಲ್ಲಿ ಕಡ್ಡಿಯಷ್ಟು ಸಣ್ಣ ಮೊಳೆ ಕೆತ್ತಿ, ಹಣೆಯಲ್ಲಿ ತೂತು ಕೊರೆದರು. ಕೊರೆಯುವಾಗ ನಾನು ಆಚೆ ತಿರುಗಿದೆ. ಮೊಳೆ ಕೂರಿಸಿ, ತಲೆ ಸಮ ಮಾಡಿ, ಮಸಿ ಸವರಿ ಒಂದು ಕಾಗದ ಒತ್ತಿದರು. ಬೊಟ್ಟು ಬಂತು. ಕಪ್ಪು ಬೊಟ್ಟು, ಆದರೂ ಬೊಟ್ಟು.

ಮಾದರಿಗೆಂದು ನಿಮ್ಮ ವಾದ್ಯಾರ್ ಕಳಿಸಿಕೊಟ್ಟಿದ್ದ ತಗಡಿನ ಪೆಟ್ಟಿಗೆ ಈಗ ಅಲ್ಲೇ ಇತ್ತು. ಮಸಿ ಆರುವವರೆಗೆ ಆ ಚಿತ್ರಗಳನ್ನು ನೋಡಿದೆ. ನೀನು ಬರೆದ ಆ ಕೈ ಎತ್ತಿದವಳು ಸಿಕ್ಕಿದಳು. ಮೊದಲು ನನಗೂ ಅವಳ ಮೇಲೆ ಕೋಪವೇ ಬಂತು, ಇದೇನು ಹೀಗೆ ಕುಣಿಯುತ್ತಾಳೆ ಎಂದು. ಹತ್ತಿರ ಹಿಡಿದು ನೋಡಿದೆ. ಕೊರೆದವನು ಅವಳ ಬಲಗೈ ಬೆರಳುಗಳನ್ನು ಬಿಡಿಸಿದ್ದಾನೆ, ಎಡಗೈಯನ್ನು ಮಾತ್ರ ಮುಷ್ಟಿ ಮಾಡಿದ್ದಾನೆ. ಆ ಮುಷ್ಟಿಯೊಳಗೆ ಏನೋ ಇದೆ, ಬಟ್ಟೆಯ ತುಂಡೋ ಏನೋ, ಒಂದು ತುದಿ ಹೊರಗೆ ಇಣುಕುತ್ತದೆ. ಸುಮ್ಮನೆ ನಾಟಕ ಆಡುವವಳಿಗೆ ಅದು ಯಾಕೆ? ಅವಳೂ ಯಾರನ್ನೋ ನೋಡಿರಬೇಕು. ಅವಳ ಅವ್ವನೋ, ಅಕ್ಕನೋ. ಆ ಅವ್ವ ಬೈದಳೋ ಏನೋ. ಅವರಿಬ್ಬರೂ ಮಣ್ಣಾಗಿದ್ದಾರೆ, ಮುಷ್ಟಿ ಹಾಗೇ ಇದೆ.

ಅದನ್ನು ನೋಡಿದ ಮೇಲೆ ನಿನ್ನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹುಡುಕಿದರೂ ಸಿಗುತ್ತಿಲ್ಲ.

ಬೊಟ್ಟಿನ ಕಾಗದ ನನ್ನ ಹತ್ತಿರವೇ ಇದೆ. ಇನ್ನು ನಿಮ್ಮಪ್ಪನಿಗೆ ಧೈರ್ಯವಾಗಿ ತೋರಿಸಬಹುದು. ಆಟಕ್ಕೂ ಕರೆಯುತ್ತೇನೆ.

ನಿನ್ನ ಅವ್ವ


ಸೇಲಂ, ಗುಗೈ
೪ ಮಾರ್ಚ್ ೧೯೩೬

ಅಣ್ಣಾಮಲೈ,

ತೋರಿಸಿದೆ.

ಮಂಗಳವಾರ ಮಧ್ಯಾಹ್ನ ಎಳೆ ಕಡಿದು, ನಿಮ್ಮಪ್ಪ ಗಂಟು ಹಾಕುತ್ತ ಕೂತಿದ್ದರು. ಸಂದರ್ಭ ಒಳ್ಳೆಯದು ಎನ್ನಿಸಿತು. ಹೊಸ ಕಾಗದವನ್ನು ಬಟ್ಟೆಯ ಮೇಲೆ ಹರಡಿ, "ನೋಡಿ, ನಮ್ಮ ಮಗ" ಎಂದೆ. ಪಂಚೆಗೆ ಕೈ ಒರೆಸಿಕೊಂಡು ನೋಡಿದರು. ಮಗ್ಗದ ಮುಂದೆ ಬಾಗಿ ಒಂದು ಅಂಚು ನೋಡುವಷ್ಟು ಹೊತ್ತು ನೋಡಿದರು.

ಆಮೇಲೆ ಗುಂಡಿಯೊಳಗೆ ಕೈ ಹಾಕಿದರು. ಕೂರುವ ಹಲಗೆಯ ಕೆಳಗಿಂದ ಒಂದು ಕಾಗದ ತೆಗೆದರು. ಮಡಿಕೆ ಮಡಿಕೆ ಸವೆದು ಬಟ್ಟೆಯ ಹಾಗೆ ಮೆತ್ತಗಾಗಿತ್ತು. ನಿಮ್ಮ ಮೊದಲನೆಯ ನೋಟೀಸು. ಓಮಲೂರಿಗೆ ನೂಲು ತರಲು ಹೋದಾಗ ಗೋಡೆಯಿಂದ ಬಿಡಿಸಿಕೊಂಡು ಬಂದಿದ್ದಂತೆ, ಕಾರ್ತೀಕದಲ್ಲಿ. ನಾನು ಅಕ್ಕಿ ಮಡಕೆಯ ಕೆಳಗೆ ಬಚ್ಚಿಟ್ಟದ್ದನ್ನೇ ಅವರು ಕಾಲ ಬುಡದಲ್ಲಿ ಇಟ್ಟುಕೊಂಡು ನಾಲ್ಕು ತಿಂಗಳಿಂದ ನೇಯುತ್ತಿದ್ದರು.

ಎರಡನ್ನೂ ಪಕ್ಕಪಕ್ಕ ಇಟ್ಟರು. ಹೊಸದರ ಹಣೆಯ ಮೇಲೆ ಬೆರಳಿಟ್ಟರು.

"ಇದ್ರಾಗೆ ಬೊಟ್ಟೈತೆ."

"ಊಂ. ಮೊದಲು ತಪ್ಪಾಗಿತ್ತು. ತಿದ್ದಿದ್ದಾರೆ" ಎಂದೆ.

"ತಪ್ಪಿರ್ಲಿಲ್ಲ. ಅವತ್ತು ಬೊಟ್ಟಿರ್ಲಿಲ್ಲ."

ಅವರು ನನ್ನ ಕಡೆ ನೋಡಲಿಲ್ಲ. ಹಳೆಯ ಕಾಗದವನ್ನು ಅದೇ ಮಡಿಕೆಗೆ ಮಡಿಸುತ್ತ, "ಒಂದ್ಸಲ ತಿರುಗಿದ್ದೆ" ಎಂದರು. ಲಾಳಿ ತೆಗೆದುಕೊಂಡರು.

ಹದಿಮೂರು ವರ್ಷ. ದಿನವೂ ಬೆಳಿಗ್ಗೆ ನಾನು ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುವಾಗ ಅವರು ಹಲ್ಲು ಉಜ್ಜುತ್ತ ಬಾಗಿಲಲ್ಲಿ ನಿಂತಿರುತ್ತಿದ್ದರು. ಬೇಗ ಬಚ್ಚಲಿಗೆ ದಾರಿ ಬಿಟ್ಟರೆ ಸಾಕು ಎಂದು ಕಾಯುತ್ತಾರೆ ಎಂದುಕೊಂಡಿದ್ದೆ. ಇಡುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದರೇನೋ.

ಇನ್ನೊಂದನ್ನು ನಿನಗೆ ಹೇಳಿಬಿಡಬೇಕು. ಹೊಟ್ಟೆಗಾದರೂ ಸಿಗಲಿ ಎಂದು ನಿನ್ನನ್ನು ಕಂಪನಿಗೆ ಸೇರಿಸಿದೆ ಅಂತ ಬೀದಿಗೆಲ್ಲ ಹೇಳಿದೆ. ಸುಳ್ಳು. ಕುಂಕುಮದ ಹೊತ್ತಿಗೆ ನೀನೂ ನನ್ನನ್ನು ನೋಡುತ್ತಿದ್ದೆ. ಆ ನೋಟ ತಾಳಲಾರದೆ ಕಳಿಸಿದೆ. ನನ್ನ ಹಣೆ ನೋಡುವವನು ಮನೆಯಲ್ಲಿ ನೀನೊಬ್ಬನೇ ಎಂದು ತಿಳಿದಿದ್ದೆ.

ನಾನು ನೆಲ ಸಾರಿಸುತ್ತೇನೆ, ಮತ್ತೆ ಸಾರಿಸುತ್ತೇನೆ. ಗುಡಿಗೆ ಹೋಗಿ ತಾಯಿಯ ಎದುರು ನಿಲ್ಲಲಾರದೆ ಹೊರಗಿನ ಕಲ್ಲಿಗೆ ಕೈಮುಗಿದು ಬರುತ್ತೇನೆ. ಪಾಪಾತಿ, "ಅಕ್ಕಾ, ಬಾಲ ಸುಟ್ಟ ಬೆಕ್ಕಂಗೆ ಯಾಕ್ ತಿರುಗ್ತೀಯಾ?" ಎಂದು ಕೇಳುತ್ತಾಳೆ.

ಆಟದ ಮಾತು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಅವ್ವ


ಓಮಲೂರು
೧೪ ಮಾರ್ಚ್ ೧೯೩೬

ಅವ್ವ,

ಕೊಟ್ಟಗೆ ಎದ್ದಿದೆ. ಇಪ್ಪತ್ತನೆಯ ತಾರೀಕು ಶುಕ್ರವಾರ ರಾಣಿಯ ಆಟ. ಬೊಟ್ಟಿನ ನೋಟೀಸನ್ನು ಊರಿನ ಗೋಡೆಗಳಿಗೆಲ್ಲ ಹಚ್ಚಿದ್ದಾರೆ. ಈಗ ವಾದ್ಯಾರ್ ನೋಟೀಸಿನ ಹಾಗೇ ನಾನೂ ಬೊಟ್ಟು ಇಟ್ಟು ಆಡಬೇಕು ಅನ್ನುತ್ತಾರೆ. ಜನ ಚಿತ್ರದಲ್ಲಿ ಕಂಡದ್ದನ್ನೇ ಕೇಳುತ್ತ ಬರುತ್ತಾರಂತೆ.

ನಿನ್ನ ಕಾಗದ ಓದಿದ ಮೇಲೆ ನನಗೆ ಏನೂ ತೋಚುತ್ತಿಲ್ಲ. ಬೊಟ್ಟು ಇಟ್ಟರೆ ಅಪ್ಪ ಕಂಡದ್ದು ಸುಳ್ಳಾಗುತ್ತದೆ. ಇಡದಿದ್ದರೆ ನಿನ್ನನ್ನು ಊರ ಮುಂದೆ ಕೂರಿಸಿದ ಹಾಗೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಆಟ ಶುರುವಾಗುವುದರೊಳಗೆ ಯಾರ ಕೈಲಾದರೂ ಒಂದು ಮಾತು ಕಳಿಸು.

ಅವತ್ತು ಅಪ್ಪನ ಸೆರಗಿನ ದಿನ ಇರಬೇಕು. ಲೆಕ್ಕ ಹಾಕಿದೆ. ಅವರನ್ನು ಕರೆಯಬೇಡ.

ಅಣ್ಣಾಮಲೈ


ಓಮಲೂರು, ನಿಮ್ಮ ಕೊಟ್ಟಗೆಯ ಹೊರಗೆ
೨೦ ಮಾರ್ಚ್ ೧೯೩೬, ಸಂಜೆ

ಅಣ್ಣಾಮಲೈ,

ನಾವು ಬಂದಿದ್ದೇವೆ. ಈ ಚೀಟಿಯನ್ನು ಬಾಗಿಲು ಕಾಯುವವರ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಸೀಸದಕಡ್ಡಿ ಅವರದೇ. ಹುಣಸೆ ಮರದ ಬೇರಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ.

ಇವತ್ತೇ ಸೆರಗಿನ ದಿನ. ನಿಮ್ಮಪ್ಪ ಸ್ನಾನ ಮಾಡಿ, ತಾಯಿಗೆ ಕೈಮುಗಿದು, ಬೆಳಕು ಹರಿಯುವಾಗ ಗುಂಡಿಗೆ ಇಳಿದರು. ನಾನು ಹೊಸಿಲ ಹತ್ತಿರ ಹೋಗಲಿಲ್ಲ, ಅಡಿಗೆ ಮನೆಯಲ್ಲೇ ಇದ್ದೆ. ನೆತ್ತಿಗೆ ಹೊತ್ತು ಬಂತು. ಲಾಳಿಯ ಸದ್ದು ನಿಂತಿತು. ಎಳೆ ಕಡಿದಿರಬೇಕು ಎಂದುಕೊಂಡೆ. ಗಂಟು ಹಾಕುವಷ್ಟು ಹೊತ್ತು ಕಳೆಯಿತು. ಮತ್ತೆ ಶುರುವಾಗಲಿಲ್ಲ. ಓಡಿಬಂದು ನೋಡಿದರೆ, ಗುಂಡಿಯ ಅಂಚಿಗೆ ಎರಡು ಕೈಯೂರಿ ಕಾಲು ಮೇಲೆ ತೆಗೆಯುತ್ತಿದ್ದಾರೆ. ಸೆರಗು ಅರ್ಧ ಮಾತ್ರ ಆಗಿತ್ತು.

ಯಾರು ಬೇಡ ಅಂದರು ಗೊತ್ತಾ? ನಾನೇ. "ಏಳ್ಬೇಡಿ, ಅರಕೆ!" ಎಂದು ಕಿರುಚಿಬಿಟ್ಟೆ.

ನಿಮ್ಮಪ್ಪ ಪಂಚೆ ಕೊಡವಿಕೊಂಡು ಹೇಳಿದರು: "ಚೌಡಮ್ಮ ಕಾಯ್ತಾಳೆ. ಬಸ್ಸು ಕಾಯಲ್ಲ. ನಡಿ."

ಬೀದಿಯಲ್ಲಿ ಪಾಪಾತಿ ನೋಡಿದಳು. ಸೆರಗಿನ ದಿನ ಅವರು ಬಾಗಿಲ ಹೊರಗೆ ನಿಂತಿದ್ದನ್ನು ಕಂಡು ಅವಳ ಬಾಯಿ ಕೂಡ ಮುಚ್ಚಿತು.

ಬಸ್ಸು ನಿಲ್ಲುವ ಕಡೆಗೆ ಹೋಗುತ್ತಾರೆ ಎಂದು ಹಿಂದೆ ನಡೆದೆ. ಅವರು ಎಡಕ್ಕೆ ತಿರುಗಿದರು. ಅದು ವೈದ್ಯರ ಮನೆಯ ಬೀದಿ. ವೈದ್ಯರು ಸತ್ತು ಆರು ವರ್ಷವಾಯಿತು, ಮನೆ ಈಗ ಸೈಕಲ್ ಅಂಗಡಿ. ಬಾಗಿಲ ಮುಂದೆ ಹೋಗಿ ನಿಂತರು. ಮೈಮೇಲೆ ನೂಲಿನ ಎಳೆಗಳು ಹಾಗೇ ಇದ್ದವು. ಅಂಗಡಿಯವನು ಗಾಲಿ ತಿರುಗಿಸುತ್ತಿದ್ದವನು ತಲೆ ಎತ್ತಿ, "ಎನ್ನ ವೇಣುಂ ಪೆರಿಯವರೇ?" ಎಂದು, ಏನು ಬೇಕೆಂದು ಕೇಳಿದ.

"ಒಬ್ಬರನ್ನ ಕರೆಯೋಕೆ ಬಂದಿದ್ದೆ" ಎಂದರು.

"ಯಾರೈ?"

ನಿಮ್ಮಪ್ಪ ಒಳಗೆ ನೋಡಿದರು. ಗಾಲಿ ತಿರುಗಿ ತಿರುಗಿ ನಿಂತಿತು. ಬಸ್ಸು ನಿಲ್ಲುವ ಕಡೆಗೆ ಹೊರಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು. ಓಮಲೂರು ಬಂದಾಗ ನಾನೇ ತೋಳು ಹಿಡಿದು ಇಳಿಸಿದೆ.

ಈಗ ಒಳಗೆ ಹೋಗಿದ್ದಾರೆ. ಗಂಡಸರ ಕಡೆ ಮುಂದಿನಿಂದ ಮೂರನೆಯ ಸಾಲು, ನಿನಗೆ ನೇರ ಎದುರಿಗೆ. ನಾನು ಹೆಂಗಸರ ಕಡೆ ಇರುತ್ತೇನೆ.

ವಾದ್ಯಾರ್ ಏನಾದರೂ ಅಂದುಕೊಳ್ಳಲಿ. ಬೊಟ್ಟು ಇಡಬೇಡ. ಮುಷ್ಟಿ ಬಿಗಿಯಾಗಿ ಹಿಡಿ.

ಅವ್ವ